ನೀರು ನಿಲ್ಲದ ಹಿತ್ತಲು

ನಮ್ಮ ಮನೆಯಲ್ಲಿ ನೀರು ನಿಲ್ಲುವ ಹಾಗಿರಲಿಲ್ಲ. ಕುಡಿಯುವ ನೀರಿನ ಬಿಂದಿಗೆಗೆ ಅಮ್ಮ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಬಟ್ಟೆ ಕಟ್ಟಿ, ಅದರ ಮೇಲೊಂದು ಕಲ್ಲು ಇಡುತ್ತಿದ್ದಳು. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ವಿಜಯನಗರದಲ್ಲಿ ನೀರು ಹಿಡಿದಿಡದೆ ಬದುಕುವುದು ಆಗದ ಮಾತು. ಹಾಗಾಗಿ ಬಚ್ಚಲಿನ ಎರಡು ನೀಲಿ ಡ್ರಮ್ಮುಗಳ ಬಾಯಿಗೆ ಅಪ್ಪನ ಹಳೆಯ ಪಂಚೆ ಬಿಗಿದು, ಸೈಕಲ್ ಟ್ಯೂಬು ಕತ್ತರಿಸಿ ಸುತ್ತ ಕಟ್ಟಿದ್ದಳು. ಸ್ನಾನಕ್ಕೆ ಹೋದವರು ಟ್ಯೂಬು ಬಿಚ್ಚಿ, ಮಿಂದು, ಮತ್ತೆ ಬಿಗಿದು ಹೊರಗೆ ಬರಬೇಕು. ಮರೆತರೆ ಒದ್ದೆ ತಲೆಯಲ್ಲೇ ವಾಪಸು ಅಟ್ಟುತ್ತಿದ್ದಳು. ಸಂಜೆ ದೇವರಿಗೆ ದೀಪ ಹಚ್ಚುವ ಮೊದಲು ಮನೆಯ ಸುತ್ತ ಒಂದು ಸುತ್ತು ಬರುತ್ತಿದ್ದಳು. ತೆಂಗಿನ ಚಿಪ್ಪು, ಬಾಟಲಿಯ ಮುಚ್ಚಳ, ಬೀದಿಯ ಹುಡುಗರು ಎಸೆದ ಐಸ್‌ಕ್ರೀಮ್ ಕಪ್ಪು, ಏನು ಕಂಡರೂ ಬಗ್ಗಿ ಬೋರಲು ಹಾಕುವುದು. ಒಣಗಿದ್ದರೂ ಬೋರಲು ಹಾಕುವುದು. ಒಳಗೆ ಹೋಂವರ್ಕ್ ಬರೆಯುತ್ತ ಕೂತ ನನಗೆ ಅದರ ಸದ್ದು ಮಾತ್ರ ಕೇಳುತ್ತಿತ್ತು. ಈಗಲೂ ಯಾರ ಮನೆಯಲ್ಲಾದರೂ ಬಕೆಟ್ಟು ಬೋರಲು ಹಾಕಿದ ಸದ್ದಾದರೆ ಮಾಡುತ್ತಿದ್ದ ಕೆಲಸ ಬಿಟ್ಟು ಆ ಕಡೆ ತಿರುಗುತ್ತೇನೆ.

ಇದಕ್ಕೆಲ್ಲ ಕಾರಣ ನನ್ನ ತಮ್ಮ ಚಂದು. ಒಂದು ಮಳೆಗಾಲದಲ್ಲಿ ಜ್ವರವೆಂದು ಆಸ್ಪತ್ರೆಗೆ ಹೋದವನು ವಾಪಸು ಬರಲಿಲ್ಲ. ಡೆಂಗ್ಯೂ ಅಂದರು. ಆಗಿನ್ನೂ ಎರಡನೇ ಕ್ಲಾಸು. ಮಹಾ ತುಂಟ ಮುಂಡೇದು, ಮನೆಯೊಳಗೆ ಒಂದು ಕ್ಷಣ ಕೂತವನಲ್ಲ. ಬೀದಿಗೆ ಸೊಳ್ಳೆ ಹೊಗೆಯ ಗಾಡಿ ಬಂದರೆ ಹೊಗೆಯೊಳಗೆ ನುಗ್ಗಿ ಕಾಣದಂತಾಗಿ, ಆಚೆ ತುದಿಯಲ್ಲಿ ಕೆಮ್ಮುತ್ತ ನಗುತ್ತ ಈಚೆ ಬರುತ್ತಿದ್ದ. ಅವನು ಹೋದ ಮೇಲೂ ಹೊಗೆ ಗಾಡಿ ಬರುತ್ತಿತ್ತು. ಹೊಗೆ ಕರಗುವ ತನಕ ನಾನು ಗೇಟಿನಲ್ಲಿ ನಿಂತೇ ಇರುತ್ತಿದ್ದೆ. ಹೊಗೆಯೆಲ್ಲ ಕರಗಿ ಬೀದಿ ಬೀದಿಯಾಗಿಯೇ ಉಳಿದಾಗ ನನಗೆ ಆ ಗಾಡಿಯವನ ಮೇಲೆ ವಿಪರೀತ ಸಿಟ್ಟು ಬರುತ್ತಿತ್ತು.

ಅದಕ್ಕೂ ಮೊದಲು ನಮ್ಮದು ಕುಂಡಗಳ ಮನೆ. ಅಮ್ಮನಿಗೆ ಗಿಡದ ಹುಚ್ಚು. ವರಾಂಡದ ತುಂಬ ಗುಲಾಬಿ, ಸೇವಂತಿಗೆ, ಬಣ್ಣಬಣ್ಣದ ಕ್ರೋಟನ್ನು. ರೆಡ್ ಆಕ್ಸೈಡ್ ನೆಲಕ್ಕೆ ಕಲೆಯಾಗಬಾರದೆಂದು ಒಂದೊಂದು ಕುಂಡದ ಕೆಳಗೂ ಒಂದೊಂದು ತಟ್ಟೆ. ಬೆಳಿಗ್ಗೆ ಎದ್ದವಳೇ ಚೊಂಬು ಹಿಡಿದು ಎಲ್ಲಕ್ಕೂ ನೀರು ಹನಿಸುತ್ತಿದ್ದಳು. ಹೆಚ್ಚಾದ ನೀರು ತಟ್ಟೆಗೆ ಇಳಿದು ಅಲ್ಲೇ ನಿಲ್ಲುತ್ತಿತ್ತು. ಅದೇ ಒಳ್ಳೆಯದು, ಮಧ್ಯಾಹ್ನ ಗಿಡ ಬಾಡೋದಿಲ್ಲ ಎನ್ನುತ್ತಿದ್ದಳು. ಚಂದುವನ್ನು ಕಳೆದುಕೊಂಡು, ಬಂದ ನೆಂಟರೆಲ್ಲ ಹೊರಟ ಮಾರನೆಯ ದಿನ, ಮಳೆಯ ಎರಚಲಿಗೆ ನೆನೆದಿದ್ದ ಒಂದು ಗುಲಾಬಿ ಕುಂಡವನ್ನು ಅಮ್ಮ ಎತ್ತಿದಳು. ಪಕ್ಕದಲ್ಲಿ ನಾನಿದ್ದೆ. ತಟ್ಟೆಯ ನೀರಿನಲ್ಲಿ ಸಣ್ಣ ಸಣ್ಣ ಹುಳಗಳು ಬಾಲ ಬಡಿಯುತ್ತ ಮೇಲೆ ಕೆಳಗೆ ಆಡುತ್ತಿದ್ದವು. ಅಮ್ಮ ಅಜ್ಜಿಯನ್ನು ಕೂಗಿದಳು.

"ಅತ್ತೆ, ಸ್ವಲ್ಪ ಬನ್ನಿ ಇಲ್ಲಿ. ಏನಿದು?"

"ಸೊಳ್ಳೆ ಮರಿ ಕಣೇ. ಚೆಲ್ಲು ಅತ್ಲಾಗೆ."

ಅಂದಮೇಲೆ ಅಜ್ಜಿಗೂ ಹೊಳೆಯಿತು. ಬಾಯಿಗೆ ಸೆರಗು ಒತ್ತಿಕೊಂಡಳು. ಅಮ್ಮ ಮೆಟ್ಟಿಲ ಮೇಲೆ ಕೂತಳು, ಕೈಯಲ್ಲಿ ಕುಂಡ ಹಾಗೇ ಇತ್ತು. ಆ ವಾರವಿಡೀ ಬಂದವರೆಲ್ಲ ಅಮ್ಮನಿಗೆ ಒಂದೇ ಪಾಠ ಒಪ್ಪಿಸಿದರು. ಎದುರು ಮನೆ ಆಂಟಿಯಂತೂ ತಾನೇ ಕಣ್ಣಾರೆ ಕಂಡವಳ ಹಾಗೆ, "ನಿಮ್ಮನೆ ಸೊಳ್ಳೆ ಅಲ್ವೇ ಅಲ್ಲ ಸರೋಜ, ಸ್ಕೂಲಲ್ಲೇ ಕಚ್ಚಿರೋದು, ನೂರಕ್ಕೆ ನೂರು" ಎಂದಳು. ಅಜ್ಜಿ ಹಣೆಬರಹ ಅಂದಳು. ಅಮ್ಮ ಎಲ್ಲದಕ್ಕೂ ತಲೆಯಾಡಿಸಿದಳು, ಒಂದನ್ನೂ ನಂಬಲಿಲ್ಲ. ಯಾರನ್ನೂ ಏನೂ ಕೇಳಲಿಲ್ಲ. ಅಳಲೂ ಇಲ್ಲ. ಕುಂಡಗಳನ್ನೆಲ್ಲ ಒಂದೊಂದಾಗಿ ಬೀದಿಯ ಕಸದ ತೊಟ್ಟಿಯ ಹತ್ತಿರ ಇಟ್ಟು ಬಂದು ಕೈ ತೊಳೆದುಕೊಂಡಳು.

ಆಮೇಲೆ ಹಿತ್ತಲಿನ ಸರದಿ. ಬಿನ್ನಿಪೇಟೆಯ ಮಿಲ್ಲಿನಲ್ಲಿ ದುಡಿದ ತಾತ ಕಟ್ಟಿಸಿದ ಮನೆ ಅದು. ಹಿಂದೆ ಅಡ್ಡಾಡುವಷ್ಟು ಮಣ್ಣಿನ ಜಾಗ ಬಿಟ್ಟಿದ್ದ. ಚಂದುವಿನ ಸಾಮ್ರಾಜ್ಯ ಅದು. ಅಲ್ಲಿ ಅವನು ತೋಡಿದ ಗುಂಡಿಗಳಲ್ಲಿ ಮಳೆನೀರು ನಿಲ್ಲುತ್ತಿತ್ತು. ಹಿತ್ತಲಿಗೆ ಪೂರ್ತಿ ಸಿಮೆಂಟು ಹಾಕಿಸಲೇಬೇಕು ಎಂದು ಅಮ್ಮ ಹಟ ಹಿಡಿದಳು. ನಾಯಂಡಹಳ್ಳಿಯ ಟೈಲ್ಸ್ ಗೋಡೌನಿನಲ್ಲಿ ಕೆಲಸಕ್ಕಿದ್ದ ಅಪ್ಪ ಅಲ್ಲಿಂದಲೇ ಒಬ್ಬ ಗಾರೆ ಮೇಸ್ತ್ರಿಯನ್ನು ಕರೆತಂದು, ಬೇಗ ಮುಗಿಸು ಎಂದು ಹೇಳಿ ಕೆಲಸಕ್ಕೆ ಹೋದ. ಅಮ್ಮ ಒಳಗೆ ಮಲಗಿದ್ದಳು. ಹೊರಗೆ ಮೇಸ್ತ್ರಿಯ ತಲೆಯ ಮೇಲೆ ನಿಂತವಳು ಅಜ್ಜಿ. ಮನೆಗೆ ಒಂದು ಕೇಡು ಆಗಿದೆ, ಇನ್ನೊಂದು ಆಗಬಾರದು, ವಾಸ್ತು ಪ್ರಕಾರ ನೀರು ಈಶಾನ್ಯಕ್ಕೇ ಹರಿಯಬೇಕು ಎಂದು ಅವನಿಗೆ ಕಟ್ಟಪ್ಪಣೆ ಮಾಡಿದಳು. ಅವನು ನೆಲಕ್ಕೆ ಈಶಾನ್ಯದ ಕಡೆಗೇ ಇಳಿಜಾರು ಕೊಟ್ಟ. ನೀರು ಹೊರಗೆ ಹೋಗುವ ಮೋರಿ ಇದ್ದದ್ದು ಅದರ ಎದುರು ಮೂಲೆಯಲ್ಲಿ.

ಮೊದಲ ಮಳೆಗೇ ಈಶಾನ್ಯ ಮೂಲೆಯಲ್ಲಿ ಕಾಲು ಮುಳುಗುವಷ್ಟು ನೀರು ನಿಂತಿತು. ಅಪ್ಪ ಮೇಸ್ತ್ರಿಯನ್ನು ಹಿಡಿದುಕೊಂಡು ಬಂದ.

"ಏನಪ್ಪಾ ಇದು? ಮೋರಿ ಅಲ್ಲಿ, ಇಳಿಜಾರು ಇಲ್ಲಿ?"

"ಅಜ್ಜಿ ಹೇಳ್ದಂಗೇ ಮಾಡಿದೀನಿ ಸಾರ್. ಬೇಡ ಅಂತ ನಾನೂ ಹೇಳ್ದೆ. ಕೇಳಿ ಬೇಕಾದ್ರೆ."

"ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ. ಚೆನ್ನಾಗಿದೆ ನಮ್ಮ ಸಂಸಾರ" ಎಂದು ಅಪ್ಪ ತಲೆಗೆ ಕೈ ಹಚ್ಚಿ ಕೂತ. ಅಜ್ಜಿ ತಪ್ಪು ಒಪ್ಪುವ ಜಾಯಮಾನದವಳಲ್ಲ. ಮೋರಿಯನ್ನೇ ಈ ಕಡೆ ಮಾಡಿಸಬೇಕಿತ್ತು ಎಂದು ಮುಖ ಊದಿಸಿಕೊಂಡು ಒಳಗೆ ಹೋದಳು.

ಅವತ್ತಿನಿಂದ ಅಮ್ಮನ ಕೈಗೆ ಕಡ್ಡಿ ಪೊರಕೆ ಬಂತು. ಮೋಡ ಕಟ್ಟಿತೆಂದರೆ ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು ಹಿತ್ತಲಿಗೆ ಓಡುತ್ತಿದ್ದಳು. ಈಶಾನ್ಯದ ನೀರನ್ನು ಏರು ನೆಲದ ಮೇಲೆ ಮೋರಿಯತ್ತ ನೂಕುವುದು. ಅರ್ಧ ಮೋರಿಗೆ ಹೋಗುತ್ತಿತ್ತು, ಅರ್ಧ ಅವಳ ಕಾಲಡಿಯಿಂದಲೇ ವಾಪಸು ಬರುತ್ತಿತ್ತು. ಮಳೆ ಸುರಿಯುತ್ತಿರುವಾಗಲೇ ನೂಕುತ್ತಿದ್ದಳು. ನಿಂತ ಮೇಲೆ ನೂಕಬಾರದೇ ಎಂದರೆ ಕೇಳಿಸಿಕೊಳ್ಳುತ್ತಿರಲಿಲ್ಲ. ಕೊನೆಯ ಪಸೆಯನ್ನು ಹಳೆಯ ಸೀರೆಯ ಚೂರಿನಿಂದ ಒರೆಸಿ ಹಿಂಡುತ್ತಿದ್ದಳು. ಸ್ಕೂಲಿಂದ ಬಂದ ನಾನು ಬ್ಯಾಗು ಹೊತ್ತುಕೊಂಡೇ ಹಿಂಬಾಗಿಲಲ್ಲಿ ನಿಂತು "ಅಮ್ಮಾ, ಹಸಿವು" ಎನ್ನುತ್ತಿದ್ದೆ. ಡಬ್ಬೀಲಿ ಏನಿದ್ಯೋ ನೋಡ್ಕೋ ಎನ್ನುವಳು, ತಲೆ ಎತ್ತದೆ. ನನ್ನ ಕಡೆ ನೋಡಿದರೂ ಅವಳ ಕಣ್ಣು ನನ್ನ ಹಿಂದೆ, ಕೆಳಗೆ, ಎಲ್ಲಿ ಏನು ಒದ್ದೆಯಾಗಿದೆ ಎಂದು ಹುಡುಕುತ್ತಿತ್ತು. ನನಗೆ ಒಂದು ದಿನ ಜ್ವರ ಬಂದಾಗ ಮಾತ್ರ ಹಗಲಿಡೀ ಪಕ್ಕ ಬಿಟ್ಟು ಏಳಲಿಲ್ಲ. ಜ್ವರ ಇಳಿದಾಗ ನನಗೆ ಬೇಜಾರಾಯಿತು. ಸತ್ತವನು ಅವನು, ಆದರೆ ಅಮ್ಮನನ್ನು ಕಳೆದುಕೊಂಡವಳು ನಾನು ಅನ್ನಿಸುತ್ತಿತ್ತು. ನನಗೆ ನನ್ನ ಅಮ್ಮ ಬೇಕಿತ್ತು, ಅಷ್ಟೇ.

ಸಿಮೆಂಟಿನ ಹಿತ್ತಲಿನಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ಅದರ ಝಳ ಅಡುಗೆಮನೆಯ ಕಿಟಕಿಯಿಂದ ಒಳಕ್ಕೆ ನುಗ್ಗಿ ಬೇಯಿಸಿಬಿಡುತ್ತಿತ್ತು. ಗುಬ್ಬಿ ಹೋಗಲಿ, ಇರುವೆ ಕೂಡ ಕಾಣುತ್ತಿರಲಿಲ್ಲ. ಅಲ್ಲಿ ಮಧ್ಯಾಹ್ನದ ಹೊತ್ತು ಯಾರೋ ನೆಲ ಕೆರೆಯುವ ಸದ್ದು ಕೇಳುತ್ತದೆ ಎಂದು ಅಜ್ಜಿ ಒಮ್ಮೆ ನನ್ನ ಕಿವಿಯಲ್ಲಿ ಹೇಳಿದಳು. ಕೆರೆಯೋಕೆ ಮಣ್ಣೆಲ್ಲಿದೆ ಅಜ್ಜಿ ಎಂದು ಬೈದೆ. ಆದರೆ ಆಮೇಲೆ ನನಗೂ ಕೇಳಿಸತೊಡಗಿತು. ಕಾದ ಸಿಮೆಂಟು ಬಿರಿಯುವ ಸದ್ದಿರಬಹುದು. ಆಗ ಹಾಗೆ ಯೋಚಿಸುವ ವಯಸ್ಸಲ್ಲ, ಧೈರ್ಯವೂ ಇರಲಿಲ್ಲ. ಮಧ್ಯಾಹ್ನ ಹಿಂಬಾಗಿಲ ಚಿಲಕ ಹಾಕಿ ಕೂರುತ್ತಿದ್ದೆ.

ಪಕ್ಕದಲ್ಲೊಂದು ಖಾಲಿ ಸೈಟಿತ್ತು. ಯಾರದೋ ಏನೋ, ಆಳೆತ್ತರ ಕಳೆ. ಅದನ್ನು ಮೊದಲು ಕ್ಲೀನ್ ಮಾಡಿಸಿ ಎಂದು ಅಮ್ಮ ದಿನಾ ಅಪ್ಪನ ಪ್ರಾಣ ತಿನ್ನುತ್ತಿದ್ದಳು. ಒಂದು ಭಾನುವಾರ ಜೋರು ಮಳೆ ಬಂದು ನಿಂತ ಮೇಲೆ, ಇತ್ತ ಅಮ್ಮ ಪೊರಕೆ ಹಿಡಿದು ಒದ್ದಾಡುತ್ತಿರುವಾಗ, ಅಪ್ಪ ಪ್ಯಾಂಟು ಮಡಚಿಕೊಂಡು ಆ ಸೈಟಿನೊಳಗೆ ಇಳಿದ. ಎಷ್ಟೋ ಹೊತ್ತು ಅಲ್ಲೇ ಬಗ್ಗಿ ಬಗ್ಗಿ ನೋಡುತ್ತಿದ್ದ. ವಾಪಸು ಬಂದವನು ಕೈಯಲ್ಲಿ ನೀರು ತುಂಬಿದ್ದ ಒಂದು ಪ್ಲಾಸ್ಟಿಕ್ ಲೋಟ ಹಿಡಿದಿದ್ದ.

"ಇಡೀ ಸೈಟಲ್ಲಿ ನಿಂತಿರೋ ನೀರು ಇಷ್ಟೇ ಸರೋಜ. ಇದೂ ಯಾರೋ ಎಸೆದಿರೋ ಲೋಟದಲ್ಲಿ. ಮಿಕ್ಕಿದ್ದೆಲ್ಲಾ ಮಣ್ಣು ಕುಡ್ಕೊಂಡ್‌ಬಿಟ್ಟಿದೆ."

"ಅದಕ್ಕೆ?"

"ಅಲ್ಲಿ ಯಾರೂ ಗುಡಿಸಲ್ಲ. ಯಾರೂ ನೀರು ಹಾಕಲ್ಲ. ಆದ್ರೂ ವರ್ಷವೆಲ್ಲಾ ಹಸಿರಾಗಿರುತ್ತೆ. ನಿಲ್ಲೋದು ನಮ್ಮ ಸಿಮೆಂಟಲ್ಲೇ ಕಣೇ."

ಅಮ್ಮ ಲೋಟವನ್ನು ಕಸಿದು ಮೋರಿಗೆ ಸುರಿದಳು. ಅಪ್ಪ ಹೆಚ್ಚು ಮಾತಿನವನಲ್ಲ. ಮುಂದಿನ ಭಾನುವಾರ ಗೋಡೌನಿನಿಂದ ತಂದ ಚಾಣ, ಸುತ್ತಿಗೆ ಹಿಡಿದು ಈಶಾನ್ಯ ಮೂಲೆಯಲ್ಲಿ ಕೂತು ಕುಟ್ಟತೊಡಗಿದ. ಅಮ್ಮ ಓಡಿ ಬಂದಳು. ನಾನು ಹುಟ್ಟಿದಾಗಿನಿಂದ ಅವರಿಬ್ಬರು ಆ ಪಾಟಿ ಜಗಳ ಆಡಿದ್ದನ್ನು ಕಂಡಿರಲಿಲ್ಲ. ಇನ್ನೊಂದು ಮಗೂನೂ ಕಳ್ಕೋಬೇಕಾ ನಿಮಗೆ ಎಂದು ಅಮ್ಮ ಕಿರುಚಿದಳು. ಅಪ್ಪ ತಲೆ ತಗ್ಗಿಸಿಕೊಂಡು ಕುಟ್ಟುತ್ತಲೇ ಇದ್ದ. ಸಿಮೆಂಟಿನ ಒಂದು ಹಲಗೆ ಎದ್ದಿತು. ಅದರಡಿಯ ಮಣ್ಣಿನಲ್ಲಿ ಚಂದುವಿನ ಮೂರು ಗೋಲಿ, ಚಕ್ರವಿಲ್ಲದ ಒಂದು ಹಳದಿ ಕಾರು, ತುಕ್ಕು ಹಿಡಿದ ನಮ್ಮ ಒಗ್ಗರಣೆ ಸೌಟು ಇದ್ದವು. ಗುಂಡಿ ತೋಡಲು ಕದ್ದೊಯ್ದಿದ್ದ ಸೌಟು. ಆಟ ಅರ್ಧಕ್ಕೆ ಬಿಟ್ಟು ಜ್ವರದಲ್ಲಿ ಒಳಗೆ ಬಂದಿದ್ದ. ಮೇಸ್ತ್ರಿ ಕೆಳಗೆ ಏನಿದೆ ಎಂದು ನೋಡದೆ ಮುಚ್ಚಿಬಿಟ್ಟಿದ್ದ.

ಜಗಳ ಅಲ್ಲಿಗೇ ನಿಂತಿತು. ಅಮ್ಮ ಸೌಟನ್ನು ಎತ್ತಿಕೊಂಡು ಒಳಗೆ ಹೋದಳು. ಹುಣಸೆಹಣ್ಣು ಹಾಕಿ ಬಹಳ ಹೊತ್ತು ತಿಕ್ಕಿದಳು. ಮಧ್ಯಾಹ್ನ ಅದರಲ್ಲೇ ಸಾರಿಗೆ ಒಗ್ಗರಣೆ ಕೊಟ್ಟಳು. ಸಾಸಿವೆ ಚಟಗುಟ್ಟಿದಾಗ ಅಜ್ಜಿ ದೇವರ ಕೋಣೆಯಲ್ಲಿ ಬಿಕ್ಕಿದ್ದು ಕೇಳಿಸಿತು. ನಾವೆಲ್ಲ ಆ ಸಾರನ್ನು ತಟ್ಟೆಯಲ್ಲೇ ಬಿಟ್ಟೆವು. ಅಮ್ಮ ಮಾತ್ರ ಎರಡು ಸಲ ಬಡಿಸಿಕೊಂಡು ಉಂಡಳು. ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಅಪ್ಪನಿಗೆ, "ಹೂಂ, ಒಡೀರಿ. ಒಂದು ತೊಟ್ಟು ನಿಂತ್ರೂ ಮತ್ತೆ ಮುಚ್ಚಿಸ್ತೀನಿ" ಎಂದಳು.

ಹೀಗೆ ಶುರುವಾಯಿತು ನಮ್ಮ ತೋಟ. ಈಗ ನಾನು ಹೊಟ್ಟೆಪಾಡಿಗೆ ಬೇರೆಯವರ ಮನೆಗಳಿಗೆ ತೋಟ ಮಾಡಿಕೊಡುತ್ತೇನೆ. ಬಂದವರೆಲ್ಲರದೂ ಒಂದೇ ರಾಗ: ಹಸಿರಾಗಿರಬೇಕು ಮೇಡಂ, ಆದರೆ ಮೇಂಟೆನೆನ್ಸ್ ಇರಬಾರದು. ಜೊತೆಗೊಂದು ಲಾನು, ಲಾನಿನ ಮಧ್ಯೆ ಕಮಲದ ತೊಟ್ಟಿ! ಲಾನಿಗೆ ಟ್ಯಾಂಕರ್ ನೀರು ನಿಮ್ಮ ಮಾವ ತರ್ತಾರಾ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುತ್ತೇನೆ. ಕಮಲದ ತೊಟ್ಟಿ ಮಾತ್ರ ಜಪ್ಪಯ್ಯ ಅಂದರೂ ಮಾಡಿಕೊಡುವುದಿಲ್ಲ. ಅದರಲ್ಲಿ ಮೀನು ಬಿಟ್ಟರೆ ಸೊಳ್ಳೆಯಾಗುವುದಿಲ್ಲ ಎಂದು ನನಗೂ ಗೊತ್ತು. ಗೊತ್ತಿದ್ದೂ ಕೈ ಬರುವುದಿಲ್ಲ. ನಾನು ಕಲಿತ ವಿದ್ಯೆ ಯಾವ ಕಾಲೇಜಿನದೂ ಅಲ್ಲ, ಅಮ್ಮನ ಹೆದರಿಕೆಯದು.

ಅಪ್ಪ ಆಗ ಹಿತ್ತಲಿನ ಸಿಮೆಂಟನ್ನೆಲ್ಲ ಒಡೆದು, ಈಶಾನ್ಯ ಮೂಲೆಯಲ್ಲಿ ತನ್ನ ಎದೆಯಾಳಕ್ಕೆ ಇಂಗುಗುಂಡಿ ತೋಡಿದ. ಒಡೆದ ಸಿಮೆಂಟಿನ ಚೂರುಗಳನ್ನೇ ಅಡಿಗೆ ಸುರಿದು, ಮೇಲೆ ಜಲ್ಲಿ, ಅದರ ಮೇಲೆ ಮರಳು ತುಂಬಿದ. ತಾರಸಿಯ ಪೈಪನ್ನು ಅದರೊಳಗೆ ತಿರುಗಿಸಿದ. ನೀರು ಈಶಾನ್ಯಕ್ಕೇ ಬರುತ್ತದೆಂದು ಅಜ್ಜಿ ಗೆದ್ದವಳ ಹಾಗೆ ಓಡಾಡಿದಳು. ಆ ಹುರುಪಿನಲ್ಲೇ ಬಾಳೆ ಹಾಕೋಣ, ಎಲೆಗೂ ಆಗುತ್ತೆ, ಕಾಯಿಗೂ ಆಗುತ್ತೆ ಎಂದಳು. ಅಮ್ಮ ಬೀದಿಕೊನೆಯ ಬಾಳೆಗಿಡದ ಹತ್ತಿರ ಅಜ್ಜಿಯನ್ನು ಕರೆದೊಯ್ದು, ಎಲೆ ದಿಂಡಿಗೆ ಕೂಡುವ ಸಂದಿಯಲ್ಲಿ ನಿಂತ ನೀರು ತೋರಿಸಿದಳು. ಬಾಳೆಯ ಮಾತು ಅಲ್ಲಿಗೆ ಮುಗಿಯಿತು. ಕೆಂಗೇರಿ ದಾರಿಯ ನರ್ಸರಿಗೆ ಹೋದಾಗ ಅಮ್ಮ ಒಂದು ಬಾಟಲಿ ನೀರು ಹಿಡಿದು ಬಂದಿದ್ದಳು. ಅಪ್ಪ ತೋರಿಸಿದ ಒಂದೊಂದು ಗಿಡದ ನೆತ್ತಿಗೂ ನೀರು ಸುರಿದು, ಎಲೆಗಳ ಸಂದಿಯಲ್ಲಿ ಉಳಿಯುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದಳು. ನರ್ಸರಿಯವನಿಗೆ ತಡೆಯಲಾಗಲಿಲ್ಲ.

"ಏನಮ್ಮಾ ಇದು, ಗಿಡಕ್ಕೂ ಹೆಣ್ಣು ನೋಡೋ ಶಾಸ್ತ್ರನಾ?"

"ಹೂಂ. ನಮ್ಮನೆಗೆ ಬರೋರು ನೀರು ಹಿಡ್ಕೊಂಡು ಕೂರಬಾರದು."

ಅಪ್ಪ ನಕ್ಕ. ಅವಳು ನಗಲಿಲ್ಲ. ಪರೀಕ್ಷೆಯಲ್ಲಿ ಪಾಸಾದದ್ದು ದಾಸವಾಳ, ಕರಿಬೇವು, ಕಣಗಿಲೆ, ಮಜ್ಜಿಗೆ ಹುಲ್ಲು. ಗುಂಡಿಯ ಅಂಚಿಗೆ ಲಾವಂಚ, ಅದರ ಬೇರು ಆಳಕ್ಕಿಳಿದು ನೀರಿಗೆ ದಾರಿ ಮಾಡಿಕೊಡುತ್ತದೆ ಎಂದು. ಉಳಿದ ನೆಲಕ್ಕೆ ಪಕ್ಕದ ಸೈಟಿನಿಂದಲೇ ಗರಿಕೆ, ತುಂಬೆ ಕಿತ್ತು ತಂದೆವು. ಮಣ್ಣು ಬಿಸಿಲಿಗೆ ಗಟ್ಟಿಯಾಗದಿರಲು ಮೇಲೆ ತರಗೆಲೆ ಹರಡಬೇಕಿತ್ತು. ಬೀದಿಯ ಬಾದಾಮಿ ಮರದ ಎಲೆ ಬೇಕಾದಷ್ಟು ಬಿದ್ದಿರುತ್ತಿತ್ತು. ಆದರೆ ಅದು ಒಣಗಿ ದೊನ್ನೆಯ ಹಾಗೆ ಮುದುರಿದರೆ ಅದರಲ್ಲೂ ನೀರು ನಿಲ್ಲುತ್ತದಲ್ಲ! ಅದಕ್ಕೆ ಎಲೆಗಳನ್ನು ಗೋಣಿಚೀಲಕ್ಕೆ ತುಂಬಿ, ಮೇಲೆ ಕುಣಿದು ಪುಡಿ ಮಾಡುವ ಕೆಲಸ ನನಗೆ ಬಿತ್ತು. ಪುಡಿಯಾದ ಎಲೆ ಬೇಗ ಕೊಳೆತು ಗೊಬ್ಬರವಾಗುತ್ತದೆ ಎಂದು ಆಮೇಲೆ ತಿಳಿಯಿತು. ಆಗ ನಾವು ಮಾಡಿದ್ದು ಅಮ್ಮನ ಕಣ್ಣಿಗೆ ಅಂಜಿ. ಗಿಡಗಳು ಬೇರು ಬಿಟ್ಟ ಮೇಲೆ ಅಲ್ಲಿಗೆ ಒಂದು ಚೊಂಬು ನೀರನ್ನೂ ಯಾರೂ ಹಾಕಲಿಲ್ಲ.

ಇಷ್ಟಾದರೂ ಅಮ್ಮ ಪೊರಕೆಯನ್ನು ಹಿಂಬಾಗಿಲ ಹಿಂದಿನಿಂದ ತೆಗೆಯಲಿಲ್ಲ. ಸಣ್ಣಪುಟ್ಟ ಮಳೆ ಬಂದು ಹೋಯಿತು, ಅವಳು ನಂಬಲಿಲ್ಲ. ಆಮೇಲೆ ಒಂದು ಮಧ್ಯಾಹ್ನ, ನಾವೆಲ್ಲ ಊಟ ಮುಗಿಸಿ ಕೂತಿದ್ದಾಗ, ಹಗಲೇ ಕತ್ತಲಾಗಿ ಸುರಿಯತೊಡಗಿತು. ನಾಲ್ವರೂ ಹಿಂಬಾಗಿಲಲ್ಲಿ ನಿಂತೆವು. ತಾರಸಿಯ ಪೈಪು ಭೋರ್ಗರೆಯಿತು. ಗುಂಡಿ ತುಂಬಿತು, ತುಂಬಿ ಲಾವಂಚದ ಬುಡ ದಾಟಿ ಹಿತ್ತಲಿಗೆಲ್ಲ ಹರಡಿತು. ಎಲೆಪುಡಿ ಮೇಲೆ ತೇಲಿತು. ಅಮ್ಮ ಪೊರಕೆ ಎಳೆದುಕೊಂಡಳು.

"ನಿಂತಿದೆ ರೀ! ನೋಡಿ, ನಿಂತಿದೆ!"

ಅಪ್ಪ ಬಾಗಿಲಿಗೆ ಅಡ್ಡ ನಿಂತ. "ಇರು."

"ಬಿಡ್ರೀ ನನ್ನ!"

"ಇರು ಸರೋಜ. ಕುಡಿಯಕ್ಕೆ ಬಿಡು ಅದನ್ನ."

ಅವಳು ಅವನ ಎದೆಗೆ ಗುದ್ದಿದಳು. ಅಪ್ಪ ಅಲುಗಲಿಲ್ಲ. ನಾನು ಅಜ್ಜಿಯ ಸೆರಗು ಹಿಡಿದು, ದೇವರೇ ಇಂಗಿಸಪ್ಪಾ ಇಂಗಿಸಪ್ಪಾ ಎಂದು ಒಳಗೇ ಗೋಗರೆಯುತ್ತಿದ್ದೆ. ಮಳೆ ನಿಂತಿತು. ನೀರು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅಲ್ಲಲ್ಲಿ ಗುಳುಗುಳು ಗುಳ್ಳೆ ಎದ್ದಿತು. ಗರಿಕೆಯ ತುದಿಗಳು ಮೇಲೆ ಕಂಡವು, ಎಲೆಪುಡಿ ಮೆಲ್ಲಗೆ ಇಳಿದು ಮಣ್ಣಿಗೆ ಅಂಟಿತು. ಹೊಳೆಯುತ್ತಿದ್ದ ಕೊನೆಯ ಚೂರೂ ಮಾಯವಾದಾಗ ಅಪ್ಪ ಪಕ್ಕಕ್ಕೆ ಸರಿದ.

ಅಮ್ಮ ಪೊರಕೆ ಹಿಡಿದು ಬರಿಗಾಲಲ್ಲಿ ಇಳಿದಳು. ದಾಸವಾಳದ ಬುಡ ನೋಡಿದಳು. ಪೈಪಿನ ಬಾಯಿ ನೋಡಿದಳು. ಮೂಲೆಗೆ ಹೋಗಿ ಕೂತು ಅಂಗೈಯಿಂದ ನೆಲ ತಡವಿದಳು. ಗುಡಿಸಲು ಏನೂ ಇರಲಿಲ್ಲ. ಎದ್ದು ನಿಂತು, ನಮ್ಮ ಕಡೆ ತಿರುಗದೆ ಕೇಳಿದಳು.

"ರೀ. ನನ್ನ ಕುಂಡಗಳಿಂದಾನೇ ಹೋದ್ನಾ ಅವನು?"

"ಛೀ ಬಿಡ್ತು ಅನ್ನು" ಎಂದು ಅಜ್ಜಿ ಬಾಯಿ ತೆಗೆದಳು. ಅಪ್ಪ ಕೈ ಎತ್ತಿ ಅವಳನ್ನು ತಡೆದ.

"ಗೊತ್ತಿಲ್ಲ ಸರೋಜ."

"ಇದ್ರೂ ಇರಬಹುದಾ?"

"ಇದ್ರೂ ಇರಬಹುದು. ಇಲ್ದೇನೂ ಇರಬಹುದು. ನಮಗೆ ಯಾವತ್ತೂ ಗೊತ್ತಾಗಲ್ಲ ಕಣೇ."

ಆ ಮನೆಯಲ್ಲಿ ಅಷ್ಟು ದಿನ ಅವಳಿಗೆ ಯಾರೂ ನಿಜ ಹೇಳಿರಲಿಲ್ಲ. ಅಮ್ಮ ಕೆಸರಿನಲ್ಲೇ ಕುಸಿದು ಕೂತಳು. ಚಂದೂ ಎಂದು ಬಾಯಿಬಿಟ್ಟು ಅತ್ತಳು. ಎದುರು ಮನೆ ಆಂಟಿ ಓಡಿ ಬರುವಷ್ಟು ಜೋರಾಗಿ ಅತ್ತಳು. ನನಗೆ ಭಯವಾಯಿತು, ಆದರೂ ಹೋಗಿ ಅವಳ ಮುಂದೆ ನಿಂತೆ. ಬಹಳ ಹೊತ್ತಾದ ಮೇಲೆ ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ತಲೆ ಎತ್ತಿದಳು. ಕೆಸರಾದ ಕೈಯಿಂದ ನನ್ನ ಸ್ಕರ್ಟಿನ ಅಂಚು ಹಿಡಿದು ಕೆಳಗೆ ಜಗ್ಗಿ ನೋಡಿದಳು. ಅದು ಮೊಣಕಾಲನ್ನೂ ಮುಟ್ಟುತ್ತಿರಲಿಲ್ಲ. ಕಾಲಿನಿಂದ ಮುಖದವರೆಗೆ ನನ್ನನ್ನು ನೋಡಿದಳು.

"ಅಯ್ಯೋ, ನೀನ್ಯಾವಾಗ್ಲೇ ಇಷ್ಟುದ್ದ ಆದೆ?"